ನೌಕರಿಯ ಜೊತೆಗೆ ಎಂಬಿಎ: ಮಾನ್ಯತೆ ನೋಡುವ ಬಗೆ

ದೂರಶಿಕ್ಷಣದ ಎಂಬಿಎಗೆ ಮಾನ್ಯತೆ ಇದೆಯೇ ಎಂದು ಕೇಳುವವರು ಸಾಮಾನ್ಯವಾಗಿ ಒಂದು ವಿಶ್ವವಿದ್ಯಾಲಯದ ಹೆಸರು ಹಿಡಿದು ಕೇಳುತ್ತಾರೆ. ಪ್ರಶ್ನೆ ಅರ್ಧ ದಾರಿ ತಪ್ಪುವುದು ಅಲ್ಲೇ. ಭಾರತದಲ್ಲಿ ಈ ಮಾನ್ಯತೆ ಇಡೀ ವಿಶ್ವವಿದ್ಯಾಲಯಕ್ಕೆ ಒಮ್ಮೆಲೇ ಸಿಗುವಂಥದ್ದಲ್ಲ. ಒಂದೊಂದು ಕೋರ್ಸಿಗೆ, ಅದನ್ನು ಕಲಿಸುವ ಒಂದೊಂದು ವಿಧಾನಕ್ಕೆ, ಪ್ರವೇಶದ ಇಂತಿಷ್ಟು ಅವಧಿಗೆ ಎಂದು ಬಿಡಿಬಿಡಿಯಾಗಿ ಸಿಗುತ್ತದೆ. ಬಿಎಗೆ ಇದ್ದದ್ದು ಎಂಬಿಎಗೆ ಇಲ್ಲದಿರಬಹುದು, ಹೋದ ವರ್ಷ ಇದ್ದದ್ದು ಈ ವರ್ಷ ಇಲ್ಲದಿರಬಹುದು. ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕಿನ ಹನ್ನೂರಿನಂಥ ಊರುಗಳಿಂದ ಸೋಲಾಪುರದ ಬ್ಯಾಂಕಿಗೋ ಗಿರಣಿಗೋ ಸಕ್ಕರೆ ಕಾರ್ಖಾನೆಗೋ ದಿನಾ ಹೋಗಿಬರುವ ಕನ್ನಡಿಗರಿಗೆ ಇವುಗಳ ಜೊತೆಗೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಅದು ರಾಜ್ಯದ ಗಡಿ.

ಕೆಲಸ ಬಿಡದೆ ಪದವಿ ಪಡೆಯುವ ವ್ಯವಸ್ಥೆ ದೇಶದಲ್ಲಿ ಹೊಸದೇನಲ್ಲ. ಅಂಚೆ ಮೂಲಕ ಪಾಠ ಕಳಿಸುವ ಶಿಕ್ಷಣವನ್ನು ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಆರಂಭಿಸಿತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅದೇ ದಾರಿ ಹಿಡಿಯಿತು. 1985ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಎಂದರೆ ಇಗ್ನೋ ಹುಟ್ಟಿತು. 1987ರಲ್ಲಿ ಅದು ಮೊದಲಿಗೆ ಆರಂಭಿಸಿದ ಕೋರ್ಸುಗಳಲ್ಲಿ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಕೂಡ ಒಂದು. ನೌಕರಸ್ಥರಿಗೆ ಆಡಳಿತ ಶಾಸ್ತ್ರ ಕಲಿಸಬೇಕೆಂಬ ಯೋಚನೆ ಮುಕ್ತ ವಿಶ್ವವಿದ್ಯಾಲಯಗಳಿಗೆ ಆರಂಭದಿಂದಲೇ ಇತ್ತೆಂಬುದಕ್ಕೆ ಇಷ್ಟು ಸಾಕು. ಮಹಾರಾಷ್ಟ್ರದಲ್ಲಿ 1989ರಲ್ಲಿ ನಾಸಿಕದ ಯಶವಂತರಾವ ಚವಾಣ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯ ಬಂತು, ಮೈಸೂರಿನಲ್ಲಿ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಬಂತು. ಸೋಲಾಪುರ ಜಿಲ್ಲೆಯ ಕನ್ನಡಿಗರ ಮುಂದೆ ಸಹಜವಾಗಿ ಬರುವ ಹೆಸರುಗಳು ಈ ಮೂರು.

ಇವುಗಳ ಮೇಲೆ ಕಣ್ಣಿಡುವ ಸಂಸ್ಥೆ ನಡುವೆ ಬದಲಾಗಿದೆ. 1991ರಿಂದ ಇಗ್ನೋದ ಅಡಿಯಲ್ಲೇ ಇದ್ದ ದೂರಶಿಕ್ಷಣ ಮಂಡಳಿ ಮಾನ್ಯತೆ ಕೊಡುತ್ತಿತ್ತು. ತಾನೇ ದೂರಶಿಕ್ಷಣ ನಡೆಸುವ ವಿಶ್ವವಿದ್ಯಾಲಯದ ಕೈಗೆ ಉಳಿದವರನ್ನು ಅಳೆಯುವ ಕೋಲನ್ನೂ ಕೊಟ್ಟಿದ್ದು ವಿಚಿತ್ರ ಏರ್ಪಾಡೇ. 2013ರಲ್ಲಿ ಮಂಡಳಿಯನ್ನು ಮುಚ್ಚಿ ಅಧಿಕಾರವನ್ನು ವಿಶ್ವವಿದ್ಯಾಲಯ ಅನುದಾನ ಆಯೋಗಕ್ಕೆ, ಎಂದರೆ ಯುಜಿಸಿಗೆ ವಹಿಸಲಾಯಿತು. ಅಲ್ಲಿನ ದೂರಶಿಕ್ಷಣ ಬ್ಯೂರೋ ಈಗ ಆ ಕೆಲಸ ನೋಡಿಕೊಳ್ಳುತ್ತದೆ. 2020ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಮುಕ್ತ, ದೂರ ಮತ್ತು ಆನ್‌ಲೈನ್ ಶಿಕ್ಷಣದ ನಿಯಮಾವಳಿಯೇ ಇಂದಿನ ಎಲ್ಲ ಲೆಕ್ಕಾಚಾರಕ್ಕೆ ಆಧಾರ. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ, ಆನ್‌ಲೈನ್ ಪದವಿ ಎರಡೂ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಆ ನಿಯಮಾವಳಿ ಹೇಳುತ್ತದೆ. 2022ರಲ್ಲಿ ಯುಜಿಸಿ ಅದನ್ನು ಮತ್ತೊಮ್ಮೆ ಪ್ರಕಟಣೆ ಹೊರಡಿಸಿ ಸ್ಪಷ್ಟಪಡಿಸಿತು.

ಅವಧಿಯನ್ನು ನೋಡದೆ ಹೆಸರನ್ನಷ್ಟೇ ನಂಬಿದರೆ ಏನಾಗುತ್ತದೆ ಎಂಬುದನ್ನು ಕನ್ನಡಿಗರಿಗೆ ದೂರದ ಉದಾಹರಣೆ ಕೊಟ್ಟು ವಿವರಿಸಬೇಕಿಲ್ಲ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಸರ್ಕಾರದ್ದು, ವಿಧಾನಮಂಡಲದ ಕಾಯ್ದೆಯಿಂದ ಸ್ಥಾಪನೆಯಾದದ್ದು, ನಕಲಿ ಎಂದು ಯಾರೂ ಹೇಳಲಾಗದ್ದು. ಆದರೂ ಅದರ ಮಾನ್ಯತೆ 2012-13ರ ಸಾಲಿಗೇ ನಿಂತುಹೋಯಿತು. ರಾಜ್ಯದ ಹೊರಗೆ ಖಾಸಗಿ ಸಂಸ್ಥೆಗಳ ಮೂಲಕ ಕೇಂದ್ರಗಳನ್ನು ನಡೆಸಿದ್ದು, ತಾಂತ್ರಿಕ ಕೋರ್ಸುಗಳನ್ನು ಕೊಟ್ಟದ್ದು ಯುಜಿಸಿಯ ಆಕ್ಷೇಪಕ್ಕೆ ಕಾರಣವಾಗಿದ್ದವು. ಈ ಕುರಿತ ಸಾರ್ವಜನಿಕ ಪ್ರಕಟಣೆ ಹೊರಬಿದ್ದದ್ದು 2015ರ ಜೂನ್‌ನಲ್ಲಿ. ಅಷ್ಟರಲ್ಲಿ 2013-14 ಮತ್ತು 2014-15ರ ಸಾಲಿನವರು ಶುಲ್ಕ ಕಟ್ಟಿ, ಪಾಠ ಓದಿ, ಕೆಲವರು ಪರೀಕ್ಷೆಯನ್ನೂ ಬರೆದಾಗಿತ್ತು. ಮಾನ್ಯತೆ ಮರಳಿದ್ದು 2018ರ ಆಗಸ್ಟ್‌ನಲ್ಲಿ, ಅದೂ 2018-19ರ ಸಾಲಿನಿಂದ ಮುಂದಕ್ಕೆ, ಹೆಸರಿಸಿದ ಕೆಲವೇ ಕೋರ್ಸುಗಳಿಗೆ. ಅದೇ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ಸೇರಿದವನ ಪದವಿ, 2014ರಲ್ಲಿ ಸೇರಿದವನ ಪದವಿ, 2019ರಲ್ಲಿ ಸೇರಿದವನ ಪದವಿ ನೋಡಲು ಒಂದೇ ಥರ ಇದ್ದರೂ ಕಾನೂನಿನ ಕಣ್ಣಿಗೆ ಒಂದೇ ಆಗಿರಲಿಲ್ಲ.

ಎಂಜಿನಿಯರಿಂಗ್ ಪದವಿಗಳ ವಿಷಯದಲ್ಲಿ ಇನ್ನೂ ದೊಡ್ಡ ಪೆಟ್ಟು ಬಿತ್ತು. ಒಪ್ಪಿಗೆ ಇಲ್ಲದೆ ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿ ಕೊಟ್ಟಿದ್ದ ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರ ನವೆಂಬರ್ 3ರಂದು ತೀರ್ಪು ಕೊಟ್ಟಿತು. 2001ರಿಂದ 2005ರವರೆಗೆ ಸೇರಿದವರ ಪದವಿಗಳನ್ನು ಅಮಾನತಿನಲ್ಲಿಟ್ಟು ಮತ್ತೊಂದು ಪರೀಕ್ಷೆ ಬರೆಯಲು ಹೇಳಿತು. ಆಮೇಲೆ ಸೇರಿದವರ ಪದವಿಗಳನ್ನು ರದ್ದೇ ಮಾಡಿತು. ಆ ಪದವಿಯ ಮೇಲೆ ಬಡ್ತಿ ಪಡೆದು ಹತ್ತು ವರ್ಷ ಕೆಲಸ ಮಾಡಿದವರೂ ಅವರಲ್ಲಿದ್ದರು. ದೂರಶಿಕ್ಷಣದಲ್ಲಿ ಕಲಿಸಬಾರದೆಂದು ನಿಷೇಧಿಸಿದ ಕೋರ್ಸುಗಳ ಪಟ್ಟಿಯಲ್ಲಿ ಎಂಬಿಎ ಇಲ್ಲ, ಅದನ್ನು ಕಲಿಸಲು ಅವಕಾಶವಿದೆ. ಆದರೆ ಡೀಮ್ಡ್ ವಿಶ್ವವಿದ್ಯಾಲಯವಾದರೆ ಯುಜಿಸಿಯ ಮಾನ್ಯತೆಯ ಜೊತೆಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ, ಅಂದರೆ ಎಐಸಿಟಿಇಯ ಒಪ್ಪಿಗೆಯೂ ಬೇಕು. ಜಾಹೀರಾತಿನಲ್ಲಿ ಒಂದರ ಮುದ್ರೆ ಮಾತ್ರ ಕಂಡರೆ ಇನ್ನೊಂದನ್ನು ಕೇಳಬೇಕು.

ಇನ್ನು ಗಡಿಯ ಮಾತು. ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ ದೂರಶಿಕ್ಷಣಕ್ಕೆಂದು ತನ್ನ ರಾಜ್ಯದ ಹೊರಗೆ ಅಧ್ಯಯನ ಕೇಂದ್ರವನ್ನಾಗಲಿ ಪರೀಕ್ಷಾ ಕೇಂದ್ರವನ್ನಾಗಲಿ ತೆರೆಯುವಂತಿಲ್ಲ. ಸೋಲಾಪುರದಿಂದ ವಿಜಯಪುರ ಸುಮಾರು ನೂರು ಕಿಲೋಮೀಟರು, ಕಲಬುರಗಿ ರೈಲಿನಲ್ಲಿ ನೂರು ಚಿಲ್ಲರೆ, ಪುಣೆ ಇನ್ನೂರೈವತ್ತು. ಅಕ್ಕಲಕೋಟ ರೋಡ್, ದುಧನಿ ನಿಲ್ದಾಣಗಳಲ್ಲಿ ರೈಲು ಹತ್ತುವವರಿಗೆ ಕಲಬುರಗಿ ಇನ್ನೂ ಹತ್ತಿರ. ಅಕ್ಕಲಕೋಟ ತಾಲೂಕನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತ್ತು; ಅದು ಜಾರಿಗೆ ಬರಲಿಲ್ಲ. ಜನರ ಬಸ್ಸು, ಬೀಗತನ, ಬಜಾರು ಇಂದಿಗೂ ಎರಡೂ ಕಡೆಗೆ ಹರಿಯುತ್ತವೆ. ದೂರಶಿಕ್ಷಣದ ನಿಯಮ ಮಾತ್ರ ಗಡಿಗೆ ಬಂದು ನಿಲ್ಲುತ್ತದೆ. ಹನ್ನೂರಿನವರು ಮೈಸೂರಿನ ವಿಶ್ವವಿದ್ಯಾಲಯವನ್ನು ಆರಿಸಿಕೊಂಡರೆ ಸಂಪರ್ಕ ತರಗತಿಗೂ ಪರೀಕ್ಷೆಗೂ ಕರ್ನಾಟಕದೊಳಗಿನ ಕೇಂದ್ರಕ್ಕೇ ಹೋಗಬೇಕು. ಸೋಲಾಪುರದಲ್ಲೇ ನಮ್ಮ ಕೇಂದ್ರವಿದೆ, ಪರೀಕ್ಷೆಯನ್ನೂ ಇಲ್ಲೇ ಬರೆಯಿಸುತ್ತೇವೆ ಎಂದು ಬೇರೆ ರಾಜ್ಯದ ವಿಶ್ವವಿದ್ಯಾಲಯದ ಹೆಸರಿನಲ್ಲಿ ಯಾರಾದರೂ ಹೇಳಿದರೆ ಆ ಮಾತೇ ಎಚ್ಚರಿಕೆಯ ಗಂಟೆ. ಮೈಸೂರಿನ ವಿಶ್ವವಿದ್ಯಾಲಯ ಮಾನ್ಯತೆ ಕಳೆದುಕೊಂಡದ್ದೂ ಬಹುಮಟ್ಟಿಗೆ ಇಂಥ ಕೇಂದ್ರಗಳ ದೆಸೆಯಿಂದಲೇ. ದೂರಶಿಕ್ಷಣವನ್ನು ಖಾಸಗಿಯವರಿಗೆ ಫ್ರಾಂಚೈಸಿ ಕೊಡುವುದನ್ನು ನಿಯಮಾವಳಿ ಪೂರ್ತಿ ನಿಷೇಧಿಸಿದೆ. ಶುಲ್ಕ ಹೋಗಬೇಕಾದದ್ದು ವಿಶ್ವವಿದ್ಯಾಲಯದ ಖಾತೆಗೆ. ಬಸ್ ನಿಲ್ದಾಣದ ಹತ್ತಿರದ ಕಚೇರಿಯೊಂದರ ಖಾತೆಗೆ ಕಟ್ಟಲು ಹೇಳಿದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಇಗ್ನೋಗೆ ಈ ಕಟ್ಟು ಇಲ್ಲ, ಅದರ ವ್ಯಾಪ್ತಿ ಇಡೀ ದೇಶ. ಅದರ ಪ್ರಾದೇಶಿಕ ಕೇಂದ್ರ ಪುಣೆಯಲ್ಲೂ ಇದೆ, ವಿಜಯಪುರದಲ್ಲೂ ಇದೆ. ಪರೀಕ್ಷೆಯ ಅರ್ಜಿ ತುಂಬುವಾಗ ಕೇಂದ್ರವನ್ನು ಪಟ್ಟಿಯಿಂದ ಆರಿಸಿಕೊಳ್ಳಲೂಬಹುದು. ವರ್ಗಾವಣೆಯಾಗುವ ನೌಕರಿಯವರಿಗೆ, ಇಂದು ಸೋಲಾಪುರ ನಾಳೆ ನಾಂದೇಡ ಎನ್ನುವವರಿಗೆ, ಇದು ಸಣ್ಣ ಅನುಕೂಲವಲ್ಲ. ಆನ್‌ಲೈನ್ ಎಂಬಿಎಗೂ ಗಡಿಯ ಹಂಗಿಲ್ಲ. ಮಾನ್ಯತೆ ಪಡೆದ ಆನ್‌ಲೈನ್ ಕೋರ್ಸನ್ನು ಯಾವ ರಾಜ್ಯದ ವಿಶ್ವವಿದ್ಯಾಲಯವೇ ಕೊಡಲಿ, ಹನ್ನೂರಿನಲ್ಲಿ ಕುಳಿತು ಓದಬಹುದು. ಇಲ್ಲಿ ಜನ ಎಡವುವುದು ಬೇರೆ ಕಡೆ. ಯುಜಿಸಿಯ ದೃಷ್ಟಿಯಲ್ಲಿ ದೂರಶಿಕ್ಷಣ ಒಂದು ವಿಧಾನ, ಆನ್‌ಲೈನ್ ಇನ್ನೊಂದು ವಿಧಾನ, ಎರಡಕ್ಕೂ ಪ್ರತ್ಯೇಕ ಪಟ್ಟಿ ಇದೆ. ಒಂದು ವಿಶ್ವವಿದ್ಯಾಲಯದ ಎಂಬಿಎ ದೂರಶಿಕ್ಷಣದ ಪಟ್ಟಿಯಲ್ಲಿದ್ದು ಆನ್‌ಲೈನ್ ಪಟ್ಟಿಯಲ್ಲಿ ಇಲ್ಲದಿರಬಹುದು. ಮೊಬೈಲಿನಲ್ಲಿ ವಿಡಿಯೊ ಪಾಠ ಬಂದ ಮಾತ್ರಕ್ಕೆ ಕೋರ್ಸು ಆನ್‌ಲೈನ್ ಆಗುವುದಿಲ್ಲ.

ಪಟ್ಟಿ ನೋಡುವ ಕೆಲಸ ಕಷ್ಟದ್ದೇನಲ್ಲ. ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ಪ್ರತಿ ಶೈಕ್ಷಣಿಕ ಅವಧಿಗೂ ವಿಶ್ವವಿದ್ಯಾಲಯ, ಅದರ ಕೋರ್ಸುಗಳು, ವಿಧಾನ ಎಲ್ಲವೂ ಸಿಗುತ್ತವೆ. ಅಲ್ಲಿ ಎಂಬಿಎ ಎಂಬ ಹೆಸರನ್ನೇ ಹುಡುಕಬೇಕು. ವಿಶ್ವವಿದ್ಯಾಲಯಗಳು ತಮಗೆ ಬಂದ ಮಾನ್ಯತಾ ಪತ್ರವನ್ನು ತಮ್ಮ ಜಾಲತಾಣದಲ್ಲೂ ಹಾಕಬೇಕೆಂಬ ನಿಯಮವಿದೆ. ಆ ಪತ್ರ ಯಾವ ಸಾಲಿನಿಂದ ಯಾವ ಸಾಲಿನವರೆಗೆ ಎಂಬುದನ್ನು ಓದಿ, ಒಂದು ಪ್ರತಿ ತೆಗೆದು ಮನೆಯ ಕಾಗದಪತ್ರಗಳ ಜೊತೆ ಇಟ್ಟುಕೊಂಡರೆ ಹತ್ತು ವರ್ಷದ ನಂತರ ಬಡ್ತಿಯ ಹೊತ್ತಿಗೆ ಯಾರಾದರೂ ಕೇಳಿದಾಗ ಅದೇ ಸಾಕ್ಷಿ.

ಮಾನ್ಯತೆ ಬೇರೆ, ನ್ಯಾಕ್ ಶ್ರೇಣಿ ಬೇರೆ. ಇವೆರಡನ್ನು ಒಂದೇ ಉಸಿರಿನಲ್ಲಿ ಹೇಳುವುದು ಜಾಹೀರಾತುಗಳ ರೂಢಿ. ಮಾನ್ಯತೆ ಎಂದರೆ ಕಲಿಸಲು ಅನುಮತಿ. ಉನ್ನತ ಶಿಕ್ಷಣ ಸಂಸ್ಥೆಗಳ ಮೌಲ್ಯಮಾಪನ ಮಾಡುವ ನ್ಯಾಕ್ ಕೊಡುವುದು ಗುಣಮಟ್ಟದ ಅಂಕ. 1994ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ನಾಲ್ಕು ಅಂಕಗಳ ಮಾನದಲ್ಲಿ 3.01ಕ್ಕೆ ಎ ಶ್ರೇಣಿ, 3.26ಕ್ಕೆ ಎ ಪ್ಲಸ್, 3.51 ದಾಟಿದರೆ ಎ ಪ್ಲಸ್ ಪ್ಲಸ್ ಎಂದು ಅದು ಎಣಿಸುತ್ತ ಬಂದಿದೆ. ಸಾಮಾನ್ಯ ವಿಶ್ವವಿದ್ಯಾಲಯವೊಂದು ದೂರಶಿಕ್ಷಣ ನಡೆಸಬೇಕಾದರೆ ಕನಿಷ್ಠ 3.01 ಅಂಕವಿರಬೇಕು, ಇಲ್ಲವೇ ರಾಷ್ಟ್ರೀಯ ಶ್ರೇಯಾಂಕದ ಮೊದಲ ನೂರರಲ್ಲಿ ಅದರ ಹೆಸರಿರಬೇಕು ಎಂದು 2020ರ ನಿಯಮಾವಳಿ ಹೇಳಿತು. ಇಗ್ನೋಗೆ 2021ರಲ್ಲಿ ಎ ಪ್ಲಸ್ ಪ್ಲಸ್ ಸಿಕ್ಕಿತು. ಆದರೂ ಶ್ರೇಣಿಯನ್ನು ವೇದವಾಕ್ಯವೆಂದು ತಿಳಿಯಬೇಕಿಲ್ಲ. 2025ರ ಫೆಬ್ರುವರಿಯಲ್ಲಿ ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ ನ್ಯಾಕ್ ತಪಾಸಣಾ ತಂಡದವರನ್ನೇ ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿತ್ತು. ಶ್ರೇಣಿ ಇಡೀ ವಿಶ್ವವಿದ್ಯಾಲಯದ್ದು ಎಂಬುದನ್ನೂ ಮರೆಯಬಾರದು. ಅದರ ಪ್ರಯೋಗಾಲಯ, ಗ್ರಂಥಾಲಯ, ಹಾಸ್ಟೆಲಿನ ಗುಣ ದೂರದಲ್ಲಿ ಕುಳಿತು ಓದುವವರ ಕೈಗೆ ಎಷ್ಟು ತಲುಪುತ್ತದೆ ಎಂಬುದು ಬೇರೆಯೇ ವಿಚಾರ.

ಪದವಿಗೂ ಡಿಪ್ಲೊಮಾಗೂ ಇರುವ ಅಂತರ ಇನ್ನೊಂದು. ಪದವಿ ಕೊಡುವ ಹಕ್ಕು ಯಾರಿಗಿದೆ ಎಂಬುದನ್ನು 1956ರ ಯುಜಿಸಿ ಕಾಯ್ದೆಯ 22ನೆಯ ಕಲಮು ಗೊತ್ತುಮಾಡಿದೆ: ಕಾಯ್ದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಗಳು, ಡೀಮ್ಡ್ ವಿಶ್ವವಿದ್ಯಾಲಯಗಳು, ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳು. ಐಐಎಂಗಳು ಕೂಡ ದಶಕಗಟ್ಟಲೆ ಡಿಪ್ಲೊಮಾವನ್ನೇ ಕೊಟ್ಟು, 2017ರ ಕಾಯ್ದೆ ಬಂದ ಮೇಲಷ್ಟೇ ಎಂಬಿಎ ಪದವಿ ಕೊಡತೊಡಗಿದವು. ಪುಣೆಯ ಸಿಂಬಯೋಸಿಸ್ ದೂರಶಿಕ್ಷಣ ಕೇಂದ್ರ 2001ರಿಂದ ನಡೆಸಿಕೊಂಡು ಬಂದಿರುವ, ಸೋಲಾಪುರದ ಕಡೆ ಹೆಸರು ಮಾಡಿರುವ ಕೋರ್ಸು ಕೂಡ ಸ್ನಾತಕೋತ್ತರ ಡಿಪ್ಲೊಮಾವೇ. ಖಾಸಗಿ ಕಂಪನಿಗಳಲ್ಲಿ ಅದಕ್ಕೆ ಬೆಲೆಯಿದೆ. ಆದರೆ ಮುಂದೆ ಪಿಎಚ್‌ಡಿಗೋ ಅಧ್ಯಾಪಕ ಹುದ್ದೆಗೋ ಹೋಗಬೇಕೆನ್ನುವವರಿಗೆ, ಪದವಿ ಎಂದೇ ಬರೆದಿರುವ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವವರಿಗೆ, ಡಿಪ್ಲೊಮಾ ಸಾಲದೆ ಹೋಗಬಹುದು. ಎಕ್ಸಿಕ್ಯುಟಿವ್ ಪ್ರೋಗ್ರಾಂ, ಮಿನಿ ಎಂಬಿಎ, ಎಂಬಿಎಗೆ ಸಮಾನ ಎಂಬಂಥ ಹೆಸರುಗಳ ಹಿಂದೆ ಬಹುತೇಕ ಇರುವುದು ಒಂದು ಪ್ರಮಾಣಪತ್ರ. ಅದನ್ನು ಪ್ರಮಾಣಪತ್ರವೆಂದೇ ತಿಳಿದು ಸೇರಿದರೆ ತೊಂದರೆಯಿಲ್ಲ. ವಿದೇಶಿ ವಿಶ್ವವಿದ್ಯಾಲಯದ ಪದವಿಯನ್ನು ಇಲ್ಲಿನ ಕಂಪನಿಯೊಂದರ ಮೂಲಕ ಆನ್‌ಲೈನಿನಲ್ಲಿ ಕೊಡುವ ವ್ಯವಹಾರಕ್ಕೆ ಮಾನ್ಯತೆಯಿಲ್ಲ ಎಂದು ಯುಜಿಸಿ 2023ರ ಡಿಸೆಂಬರಿನಲ್ಲಿ ಎಚ್ಚರಿಸಿತು.

ಪೂರ್ತಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿ ಪ್ರಕಟಿಸುತ್ತದೆ. ಅದರಲ್ಲಿ ವರ್ಷಗಟ್ಟಲೆ ಕಾಣಿಸಿಕೊಂಡ ಹೆಸರುಗಳಲ್ಲಿ ಒಂದು ಬೆಳಗಾವಿ ಜಿಲ್ಲೆಯ ಗೋಕಾಕದ ವಿಳಾಸದ ‘ಬಡಗಾಣವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಜುಕೇಶನ್ ಸೊಸೈಟಿ’. ಹೆಸರಿನಲ್ಲಿ ಸರ್ಕಾರವೂ ಇದೆ, ವಿಶ್ವವೂ ಇದೆ, ಮುಕ್ತವೂ ಇದೆ. ಇಲ್ಲದ್ದು ಪದವಿ ಕೊಡುವ ಅಧಿಕಾರ ಒಂದೇ.

ಮಾನ್ಯತೆ ಖಚಿತವಾದ ಮೇಲೆ ಬರುವ ಪ್ರಶ್ನೆ ಸಮಯದ್ದು, ಹೆಚ್ಚಿನವರು ಸೋಲುವುದು ಇಲ್ಲೇ. ಇಗ್ನೋದ ಎಂಬಿಎಯನ್ನೇ ತೆಗೆದುಕೊಂಡರೆ ನಾಲ್ಕು ಸೆಮಿಸ್ಟರು, 28 ವಿಷಯ, ಒಟ್ಟು 116 ಕ್ರೆಡಿಟ್. ಅಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಗುಣಿಸಿದರೆ 3,480 ಗಂಟೆ. ಎರಡೇ ವರ್ಷದಲ್ಲಿ ಮುಗಿಸಬೇಕೆಂದರೆ ವಾರಕ್ಕೆ 33 ಗಂಟೆಗೂ ಮೇಲೆ, ಅಂದರೆ ನೌಕರಿಯ ಮೇಲೊಂದು ನೌಕರಿ. ಗರಿಷ್ಠ ಅವಧಿ ನಾಲ್ಕು ವರ್ಷ. ಅಷ್ಟಕ್ಕೆ ಹರವಿದರೂ ವಾರಕ್ಕೆ ಸುಮಾರು 17 ಗಂಟೆ ಬೇಕು. ಪುಸ್ತಕದ ಲೆಕ್ಕದಷ್ಟು ಓದದೆ ಪಾಸಾಗುವವರು ಇದ್ದಾರೆ, ನಿಜ. ಆದರೆ ಆ ಲೆಕ್ಕದ ಅರ್ಧವೂ ದಿನಕ್ಕೆ ಎರಡು ತಾಸು ಬಸ್ಸಿನಲ್ಲಿ ಕಳೆಯುವವರಿಗೆ ಹಗುರವಲ್ಲ. ನಾಲ್ಕು ವರ್ಷದ ಯೋಜನೆ ಹಾಕಿ ಮೂರರಲ್ಲಿ ಮುಗಿಸುವುದು, ಎರಡರ ಯೋಜನೆ ಹಾಕಿ ನಡುವೆ ಬಿಡುವುದಕ್ಕಿಂತ ಮೇಲು.

ಪರೀಕ್ಷೆಯ ತಿಂಗಳುಗಳನ್ನೂ ನೌಕರಿಯ ಪಂಚಾಂಗದ ಪಕ್ಕದಲ್ಲಿಟ್ಟು ನೋಡಬೇಕು. ಇಗ್ನೋದ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರಿನಲ್ಲಿ ನಡೆಯುತ್ತವೆ. ಬ್ಯಾಂಕಿನವರ ಮಾರ್ಚಿನ ಗಡಿಬಿಡಿಗೆ ಇವೆರಡೂ ಅಡ್ಡ ಬರುವುದಿಲ್ಲ. ಸಕ್ಕರೆ ಕಾರ್ಖಾನೆಯವರ ಕಥೆ ಬೇರೆ: ಸೋಲಾಪುರ ಜಿಲ್ಲೆಯಲ್ಲಿ ಕಬ್ಬು ನುರಿಸುವ ಹಂಗಾಮು ದೀಪಾವಳಿಯ ಆಸುಪಾಸಿಗೆ ಶುರುವಾಗಿ ಡಿಸೆಂಬರಿನಲ್ಲಿ ಜೋರಾಗಿರುತ್ತದೆ, ಆಗ ರಜೆ ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಅಂಥವರು ಭಾರವಾದ ವಿಷಯಗಳನ್ನು ಜೂನಿಗೆ ಇಟ್ಟುಕೊಂಡು ಡಿಸೆಂಬರಿನಲ್ಲಿ ಒಂದೆರಡನ್ನೇ ಬರೆಯುವುದು ಜಾಣತನ. ಆಹೇರವಾಡಿ, ಫತಾಟೇವಾಡಿಗಳ ಬಳಿಯ ಎನ್‌ಟಿಪಿಸಿ ವಿದ್ಯುತ್ ಸ್ಥಾವರದಂಥ ಕಡೆ ಪಾಳಿಯಲ್ಲಿ ದುಡಿಯುವವರಿಗೆ ಭಾನುವಾರದ ಸಂಪರ್ಕ ತರಗತಿಗಿಂತ ಬೇಕಾದಾಗ ನೋಡಬಹುದಾದ ವಿಡಿಯೊ ಪಾಠವೇ ಉಪಯೋಗಕ್ಕೆ ಬರುವುದು. ನಿಯಮದ ಪ್ರಕಾರ ಅಸೈನ್‌ಮೆಂಟಿನಂಥ ಆಂತರಿಕ ಮೌಲ್ಯಮಾಪನಕ್ಕೆ ಗರಿಷ್ಠ ಶೇಕಡಾ 30, ಉಳಿದ ಅಂಕ ಕೊನೆಯ ಪರೀಕ್ಷೆಗೆ. ಅಸೈನ್‌ಮೆಂಟ್ ಕೊಡುವ ಕೊನೆಯ ದಿನ ತಪ್ಪಿದರೆ ಒಂದು ಪರೀಕ್ಷಾ ಅವಧಿಯೇ ಕೈತಪ್ಪಬಹುದು.

ಭಾಷೆಯದೊಂದು ಗೋಡೆ ಇದ್ದೇ ಇದೆ. ಅಕ್ಕಲಕೋಟ, ದಕ್ಷಿಣ ಸೋಲಾಪುರ ತಾಲೂಕುಗಳಲ್ಲಿ ಕನ್ನಡ ಶಾಲೆಯಲ್ಲಿ ಓದಿ, ಮರಾಠಿಯಲ್ಲಿ ಕಚೇರಿ ನಡೆಸಿ, ಇಂಗ್ಲಿಷಿನಲ್ಲಿ ಅರ್ಜಿ ಬರೆಯುವವರು ಮನೆಗೊಬ್ಬರು ಸಿಗುತ್ತಾರೆ. ಎಂಬಿಎಯ ಪುಸ್ತಕಗಳು ಬಹುಮಟ್ಟಿಗೆ ಇಂಗ್ಲಿಷಿನವು. ಈ ಭಾರ ಎಷ್ಟೆಂದು ಶುಲ್ಕ ಕಟ್ಟುವ ಮೊದಲೇ ತೂಗಿ ನೋಡಲು ಒಂದು ಉಪಾಯವಿದೆ. ಇಗ್ನೋದ ಪಠ್ಯಗಳು ‘ಇ-ಜ್ಞಾನಕೋಶ’ ಎಂಬ ಅದರ ಡಿಜಿಟಲ್ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲ ಸೆಮಿಸ್ಟರಿನ ಲೆಕ್ಕಶಾಸ್ತ್ರದ ಪುಸ್ತಕದಿಂದ ಒಂದು ಘಟಕ, ಸಂಖ್ಯಾಶಾಸ್ತ್ರದಿಂದ ಒಂದು ಘಟಕ ಇಳಿಸಿಕೊಂಡು ಹದಿನೈದು ದಿನ ಓದಿದರೆ, ಕೌನ್ಸೆಲಿಂಗ್ ಮಾಡುವವರು ಫೋನಿನಲ್ಲಿ ಒಂದು ತಾಸು ಹೇಳಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಶುಲ್ಕದ ಅಂತರ ದೊಡ್ಡದು. ಇಗ್ನೋದಲ್ಲಿ ಎರಡು ವರ್ಷಕ್ಕೆ 60 ಸಾವಿರದ ಆಸುಪಾಸು. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಆನ್‌ಲೈನ್ ಕೋರ್ಸುಗಳಲ್ಲಿ ಲಕ್ಷ, ಒಂದೂವರೆ ಲಕ್ಷ ದಾಟುವುದು ಸಾಮಾನ್ಯ. ಹೆಚ್ಚಿನ ಶುಲ್ಕಕ್ಕೆ ಕೆಲವೆಡೆ ಒಳ್ಳೆಯ ವಿಡಿಯೊ, ಕರೆ ಮಾಡಿದರೆ ಉತ್ತರ ಕೊಡುವ ಸಿಬ್ಬಂದಿ, ಸಮಯಕ್ಕೆ ಸರಿಯಾದ ಫಲಿತಾಂಶ ಸಿಗುತ್ತವೆ. ಸರ್ಕಾರಿ ಮುಕ್ತ ವಿಶ್ವವಿದ್ಯಾಲಯಗಳಲ್ಲಿ ಇವು ನಿಧಾನ ಎಂಬ ದೂರು ಹಳೆಯದು. ಬಡ್ಡಿಯಿಲ್ಲದ ಕಂತು ಎಂದು ಹೇಳಿ ಸಹಿ ಹಾಕಿಸಿಕೊಳ್ಳುವ ಕಾಗದ ಬಹಳ ಸಲ ಹಣಕಾಸು ಕಂಪನಿಯೊಂದರ ಸಾಲದ ಕರಾರಾಗಿರುತ್ತದೆ; ಓದು ಬಿಟ್ಟರೂ ಕಂತು ಬಿಡುವುದಿಲ್ಲ. ಬ್ಯಾಂಕಿನಿಂದ ಶಿಕ್ಷಣ ಸಾಲ ಪಡೆದವರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಆದಾಯ ತೆರಿಗೆಯ 80ಇ ಕಲಮಿನಡಿ ಕಟ್ಟಿದ ಬಡ್ಡಿಗೆ ಎಂಟು ವರ್ಷದವರೆಗೆ ವಿನಾಯಿತಿ ಕೇಳಬಹುದು. ಅಸಲಿಗೆ ಆ ಅನುಕೂಲವಿಲ್ಲ.

ಪದವಿ ಯಾತಕ್ಕೆ ಎಂಬುದು ಕೊನೆಗೆ ಬರುವ ಪ್ರಶ್ನೆಯಾದರೂ ಎಲ್ಲಕ್ಕೂ ಮೊದಲೇ ಕೇಳಿಕೊಳ್ಳಬೇಕಾದದ್ದು. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ಕೇಂದ್ರ ಸರ್ಕಾರದ ಹುದ್ದೆಗಳಿಗೆ ನಡೆಯುತ್ತದೆ ಎಂದು 2015ರಲ್ಲೇ ಅಧಿಸೂಚನೆ ಬಂದಿದೆ. ಆದರೆ ಕಾನೂನಿನಲ್ಲಿ ಸಮವಾದದ್ದು ಜಾಹೀರಾತಿನಲ್ಲಿ ಸಮವಾಗಬೇಕೆಂದಿಲ್ಲ. ಅನೇಕ ಸಾರ್ವಜನಿಕ ಉದ್ದಿಮೆಗಳು ಮ್ಯಾನೇಜ್‌ಮೆಂಟ್ ಹುದ್ದೆಗಳಿಗೆ ಎರಡು ವರ್ಷದ ಪೂರ್ಣಾವಧಿ ಎಂಬಿಎ ಎಂದೇ ಕೇಳುತ್ತವೆ, ಅಲ್ಲಿ ದೂರಶಿಕ್ಷಣದ ಪದವಿ ಉಪಯೋಗಕ್ಕೆ ಬರುವುದಿಲ್ಲ. ಇರುವ ನೌಕರಿಯಲ್ಲೇ ಬಡ್ತಿ ಬೇಕೆನ್ನುವವರು ತಮ್ಮ ಸಂಸ್ಥೆಯ ಸೇವಾ ನಿಯಮ ತೆಗೆದು ನೋಡಿ, ಸೇರುವ ಮೊದಲೇ ಬರಹದಲ್ಲಿ ಅನುಮತಿ ಪಡೆದಿರಬೇಕು. ಸರ್ಕಾರಿ ಕಚೇರಿಗಳಲ್ಲಿ ಈ ಅನುಮತಿ ಇಲ್ಲದೆ ಪಡೆದ ಪದವಿಯನ್ನು ಸೇವಾ ಪುಸ್ತಕಕ್ಕೆ ಸೇರಿಸಲು ತಕರಾರು ಬರುತ್ತದೆ. ಬ್ಯಾಂಕಿನವರಿಗಂತೂ ಭಾರತೀಯ ಬ್ಯಾಂಕಿಂಗ್ ಮತ್ತು ಹಣಕಾಸು ಸಂಸ್ಥೆ ನಡೆಸುವ ಜೆಎಐಐಬಿ, ಸಿಎಐಐಬಿ ಪರೀಕ್ಷೆಗಳು ಎಂಬಿಎಗಿಂತ ಕಡಿಮೆ ಖರ್ಚಿನಲ್ಲಿ ಪಗಾರದ ಹೆಚ್ಚಳ ತಂದುಕೊಡುತ್ತವೆ. ಅವನ್ನು ಮುಗಿಸದೆ ಎಂಬಿಎಗೆ ಕೈಹಾಕುವುದು ಊಟಕ್ಕೆ ಮೊದಲೇ ಎಲೆಅಡಿಕೆ ಹಾಕಿಕೊಂಡಂತೆ.

ಇಷ್ಟೆಲ್ಲ ನೋಡಿ ಸೇರುವುದೇ ಎಂದು ನಿರ್ಧಾರವಾದರೆ ಪ್ರವೇಶಕ್ಕೆ ವರ್ಷದಲ್ಲಿ ಎರಡು ಕಾಲ, ಜುಲೈ ಮತ್ತು ಜನವರಿ. ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 50, ಮೀಸಲು ವರ್ಗದವರಿಗೆ 45 ಅಂಕವಿರಬೇಕೆಂಬುದು ಇಗ್ನೋದ ಅರ್ಹತೆ. ಹಿಂದೆ ಇದ್ದ ಓಪನ್‌ಮ್ಯಾಟ್ ಪ್ರವೇಶ ಪರೀಕ್ಷೆ ಈಗಿಲ್ಲ. 2024ರಿಂದ ದೂರಶಿಕ್ಷಣ ಅಥವಾ ಆನ್‌ಲೈನ್ ಕೋರ್ಸಿಗೆ ಸೇರುವ ಪ್ರತಿಯೊಬ್ಬರೂ ಯುಜಿಸಿಯ ತಾಣದಲ್ಲಿ ಡಿಇಬಿ ಐಡಿ, ಎಂದರೆ ದೂರಶಿಕ್ಷಣ ಬ್ಯೂರೋದ ಗುರುತು ಸಂಖ್ಯೆ ಮಾಡಿಕೊಳ್ಳುವುದು ಕಡ್ಡಾಯವಾಗಿದೆ, ಅದಕ್ಕೆ ಮೊದಲು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಐಡಿ ಬೇಕು. ಐಡಿ ಮಾಡಿಕೊಳ್ಳಲು ಶುಲ್ಕವಿಲ್ಲ, ಮಧ್ಯವರ್ತಿಯೂ ಬೇಕಿಲ್ಲ. ಆಧಾರಿನಲ್ಲಿರುವ ಹೆಸರು ಮತ್ತು ಪದವಿಯ ಅಂಕಪಟ್ಟಿಯಲ್ಲಿರುವ ಹೆಸರು ಒಂದೇ ಥರ ಇಲ್ಲದಿದ್ದರೆ ಅರ್ಜಿ ಇಲ್ಲೇ ಸಿಕ್ಕಿಹಾಕಿಕೊಳ್ಳುವುದುಂಟು. ಒಂದು ಕಾಗದದಲ್ಲಿ ಕನ್ನಡದ ಉಚ್ಚಾರದಂತೆ, ಇನ್ನೊಂದರಲ್ಲಿ ಮರಾಠಿಯ ರೂಢಿಯಂತೆ ತಂದೆಯ ಹೆಸರು ಸೇರಿಸಿ ಬರೆಯಿಸಿಕೊಂಡಿರುವ ಗಡಿಭಾಗದವರು ಅದನ್ನು ಕೊನೆಯ ದಿನಾಂಕಕ್ಕೆ ತಿಂಗಳು ಮೊದಲೇ ಸರಿಪಡಿಸಿಕೊಳ್ಳಬೇಕಾಗುತ್ತದೆ.